ಅಮರಮ್ಮ ಒಪ್ಪದ ವಾಕ್ಯ

ಮರಳಿ ಎಂಬ ಊರಿನ ಅಮರಮ್ಮನ ಮುಂದೆ ಯಾರೂ ಸುಮ್ಮನೆ ಒಳ್ಳೆಯವರಾಗಿ ಪಾರಾಗುವಂತಿರಲಿಲ್ಲ. ಯಾರಾದರೂ ಎರಡು ಸಲ ಆರಾಮ ಇದ್ದೀರಾ ಎಂದು ಕೇಳಿದರೆ ಮುಗಿಯಿತು, ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ಅವಳು ಸೆರಗು ಬಿಗಿದುಕೊಳ್ಳುತ್ತಿದ್ದಳು. ಕರೆಂಟಿನ ಮೀಟರ್ ಓದುವವನು ಬಂದರೆ ಅವನ ಬೆನ್ನ ಹಿಂದೆಯೇ ನಿಲ್ಲುವಳು. ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಕೈ ಹಾಕಿ ನೋಡುವಳು. ಮನೆಯಲ್ಲಿ ಎಷ್ಟು ಮಂದಿ ಎಂದು ಅಂಗನವಾಡಿ ಟೀಚರ್ ಕೇಳಿದರೆ, ಉತ್ತರ ಕೊಡುವ ಮೊದಲು ಯಾಕೆ ಎಂದು ಕೇಳುವಳು. ಗಂಡನ ಹೆಸರು ಯಮನೂರ, ರೈಸ್ ಮಿಲ್ಲಿನಲ್ಲಿ ಹಮಾಲಿ. ತಡವಾಗಿ ಬಂದರೆ ಯಾಕೆ ತಡ, ಬೇಗ ಬಂದರೆ ಯಾಕೆ ಬೇಗ ಎಂಬುದಕ್ಕೆ ಜವಾಬು ಹೇಳಿ ಹೇಳಿಯೇ ಪಾಪ, ಅವನ ಅರ್ಧ ಆಯುಷ್ಯ ಕಳೆದಿತ್ತು.

ಊರು ಅವಳನ್ನು ಹಿಂದಿನಿಂದ ಆಡಿಕೊಳ್ಳುತ್ತಿತ್ತು, ಬೇಕಾದಾಗ ಮುಂದೆ ತಂದು ನಿಲ್ಲಿಸುತ್ತಿತ್ತು. ಕೆಲವು ವರ್ಷಗಳ ಹಿಂದೆ ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಗುಡಿಕಟ್ಟೆಯ ಮೇಲೆ ಕೂತು, ಹೆಂಗಸರಿಗೆಲ್ಲ ಹೊಲಿಗೆ ಯಂತ್ರ ಬರುತ್ತದೆ, ಆಧಾರ್ ಕಾರ್ಡ್ ಕೊಟ್ಟು ಹೆಬ್ಬೆಟ್ಟು ಒತ್ತಿ ಎಂದಿದ್ದ. ಹೆಂಗಸರು ಸಾಲು ಹಚ್ಚಿದರು. ಅಮರಮ್ಮ ಸಾಲು ಬಿಟ್ಟು ನೇರ ಅವನೆದುರು ಕೂತು ಕೇಳುತ್ತ ಹೋದಳು. ಯಂತ್ರ ಯಾವ ಊರಿಂದ ಬರುತ್ತದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ನಿಮ್ಮ ಮನೆಯವರಿಗೆ ಒಂದು ಕೊಟ್ಟಿದ್ದೀರಾ, ಕೊಟ್ಟಿದ್ದರೆ ಅವರಿಗೆ ಈಗಲೇ ಫೋನ್ ಹಚ್ಚಿ. ಚಹಾ ಕುಡಿದು ಬರುತ್ತೇನೆಂದು ಎದ್ದವನು ಮತ್ತೆ ಮರಳಿಯ ಕಡೆ ಮುಖ ಹಾಕಲಿಲ್ಲ. ಅದಾದ ಮೇಲೆ ಭತ್ತದ ನಾಟಿಗೆ ಹೋಗುವ ಹೆಂಗಸರು ಅವಳನ್ನೇ ತಮ್ಮ ಗುಂಪಿನ ಮುಂದಾಳು ಮಾಡಿಕೊಂಡರು.

ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ ಸೀಮೆಯ ಗದ್ದೆಗಳಿಗೆಲ್ಲ ಒಮ್ಮೆಲೇ ಹೆಂಗಸರು ಬೇಕು. ಮರಳಿಯ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ ಭತ್ತದ ಸಸಿ ಹಚ್ಚುತ್ತಾರೆ, ಬಂದದ್ದನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಗದ್ದೆಯ ಮಾಲೀಕನ ಜೊತೆ ಮಾತಾಡುವುದು, ನಸುಕಿನಲ್ಲಿ ಮನೆಮನೆಗೆ ಆಟೋ ನಿಲ್ಲಿಸಿ ಹೆಂಗಸರನ್ನು ಹತ್ತಿಸಿಕೊಳ್ಳುವುದು ಮುಂದಾಳಿನ ಕೆಲಸ. ಅಮರಮ್ಮ ಇದರ ಜೊತೆಗೆ ತನ್ನದೊಂದು ಪಾಠವನ್ನೂ ಸೇರಿಸಿದ್ದಳು. ಕೈಯಲ್ಲಿ ಹಾಳೆ ಹಿಡಿದುಕೊಂಡು ಬಂದವರು ಯಾರೇ ಇರಲಿ, ಅವರ ಮುಂದೆ ಬಾಯಿ ಬಿಡಬೇಡಿ. ಬಿಪಿಎಲ್ ಕಾರ್ಡುಗಳು ರದ್ದಾಗುತ್ತವೆಯಂತೆ ಎಂಬ ಸುದ್ದಿ ಆಗಾಗ ಊರಿಗೆ ಬರುತ್ತಲೇ ಇತ್ತು. ಕಾರ್ಡ್ ಹೋದರೆ ಅಕ್ಕಿ ಹೋಯಿತು, ಅಕ್ಕಿಯ ಹಿಂದೆ ಇನ್ನೂ ಏನೇನೋ ಹೋಯಿತು. ಹೀಗಾಗಿ ಆ ಪಾಠವನ್ನು ಹೆಂಗಸರು ಚೆನ್ನಾಗಿ ಕಲಿತಿದ್ದರು.

ಇಂಥ ಅಮರಮ್ಮನ ಮನೆಯಲ್ಲಿಯೇ ಒಂದು ಹಾಳೆ ಹುಟ್ಟಿತು ನೋಡಿ.

ಒಬ್ಬಳೇ ಮಗಳು ಹೇಮಾವತಿ ಗಂಗಾವತಿಯ ಸರಕಾರಿ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಆ ಮಳೆಗಾಲದಲ್ಲಿ ಹುಡುಗಿ ಸಂಜೆಯಾದರೆ ಪೆನ್ನು ಕಚ್ಚಿಕೊಂಡು ಕೂರುವಳು, ಒಂದು ಸಾಲು ಬರೆಯುವಳು, ತನ್ನಷ್ಟಕ್ಕೇ ಗುಣುಗುಟ್ಟುವಳು, ಹೊಡೆದುಹಾಕುವಳು. ಮರುದಿನ ಮತ್ತೆ ಅದೇ. ಪುಟಗಟ್ಟಲೆ ಬರೆದಿದ್ದರೆ ಓದು ಎನ್ನಬಹುದಿತ್ತು. ಒಂದೇ ಸಾಲಿಗೆ ಇಷ್ಟು ಒದ್ದಾಡುತ್ತಾಳೆಂದರೆ ಆ ಸಾಲು ಯಾರಿಗೆ ಹೋಗುವುದು? ಯಾವನೋ ಹುಡುಗನಿಗೇ ಇರಬೇಕು ಎಂದುಕೊಂಡಳು ಅಮರಮ್ಮ. ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ಅಕ್ಷರ ಬರುತ್ತಿದ್ದ ಅವಳು, ಮಗಳು ನೀರಿಗೆ ಹೋದಾಗ ಹಾಳೆಯನ್ನು ಗಂಡನ ಕೈಗೆ ತುರುಕಿ ಓದಿಸಿದಳು. ಯಮನೂರ ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಮಹಿಳೆಯರ ಸಮಸ್ಯೆಗಳು ಅನೇಕ." ಆಮೇಲೆ ಹೆಂಡತಿಯ ಮುಖ ನೋಡಿ, ಗಂಡಸರದೂ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು ಎಂದ. ಅಮರಮ್ಮನಿಗೆ ನಗು ಬರಲಿಲ್ಲ.

ಕೊನೆಗೆ ಮಗಳನ್ನೇ ಎದುರು ಕೂರಿಸಿಕೊಂಡು ಕೇಳಿದಳು. ಹೇಮಾವತಿ ವಿವರಿಸಿದಳು. ಸಮಾಜಶಾಸ್ತ್ರ ಕಲಿಸುವ ಶರಣಬಸವ ಸರ್ ನಮ್ಮೂರಿನ ದುಡಿಮೆಯ ಮೇಲೆ ಪ್ರಬಂಧ ಬರೆಯಲು ಹೇಳಿದ್ದಾರೆ. ಆದರೆ ಮೊದಲು ಒಂದೇ ಒಂದು ವಾಕ್ಯ ತರಬೇಕು. ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ವಾಕ್ಯದೊಳಗೆ ಇರಬೇಕು, ಉಳಿದ ಪುಟಗಳೆಲ್ಲ ಅದಕ್ಕೆ ಸಾಕ್ಷಿ ಹೇಳಬೇಕು. ಮುಖ್ಯವಾಗಿ, ಅದನ್ನು ಕೇಳಿದವರಲ್ಲಿ ಒಬ್ಬರಾದರೂ ಅದು ಹಾಗಲ್ಲ ಅನ್ನಬೇಕು. ಎಲ್ಲರೂ ತಲೆ ಆಡಿಸುವ ವಾಕ್ಯವಾದರೆ ಹರಿದುಹಾಕಿ, ಅದರ ಮೇಲೆ ಪ್ರಬಂಧ ಬರೆಯುವ ಅಗತ್ಯವೇ ಇಲ್ಲ ಎಂದಿದ್ದಾರೆ.

ಹೇಮಾವತಿಯ ವಾಕ್ಯಗಳು ಒಂದಾದ ಮೇಲೊಂದು ಮಣ್ಣುಪಾಲಾಗಿದ್ದವು. ಮಹಿಳೆಯರು ದೇಶದ ಬೆನ್ನೆಲುಬು ಎಂದು ಬರೆದುಕೊಂಡು ಹೋದರೆ, ಇದಕ್ಕೆ ಅಲ್ಲ ಅನ್ನುವವರು ಯಾರಿದ್ದಾರೆ ತೋರಿಸು ಎಂದು ಸರ್ ಕೇಳಿದರು. ಈ ಪ್ರಬಂಧದಲ್ಲಿ ಭತ್ತದ ನಾಟಿಯ ಬಗ್ಗೆ ಚರ್ಚಿಸಲಾಗುವುದು ಎಂದು ಬರೆದರೆ, ಇದು ಬಸ್ಸಿನ ಬೋರ್ಡು, ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಯಿತು, ಅಲ್ಲಿ ಇಳಿದು ಏನು ಮಾಡುತ್ತೀ ಎಂದರು. ಸಮಸ್ಯೆಗಳು ಅನೇಕ ಎಂದದ್ದಕ್ಕೆ, ಅನೇಕ ಎಂದರೆ ಯಾವುದೂ ಅಲ್ಲ, ಒಂದನ್ನು ಹಿಡಿ ಎಂದು ವಾಪಸು ಕಳಿಸಿದರು.

ಇದನ್ನು ಕೇಳಿ ಅಮರಮ್ಮನ ಅನುಮಾನ ಇಳಿಯುವ ಬದಲು ಇನ್ನೊಂದು ಕಡೆಗೆ ಹರಿಯಿತು. ಮಂದಿ ಹೌದು ಅನ್ನುವ ಮಾತು ಬೇಡ, ಅಲ್ಲ ಅನ್ನುವ ಮಾತೇ ಬೇಕು ಎನ್ನುವವನು ಎಂಥ ಮಾಸ್ತರ?

"ಜಗಳ ಹಚ್ಚಾಕ ಬಂದಾನವ. ಅಂವನ ಊರು ಯಾವುದು ಕೇಳೀಯೇನು?" ಎಂದಳು.

ಹನುಮಸಾಗರದವರು ಎಂದಳು ಮಗಳು. ಹನುಮಸಾಗರ ಅಷ್ಟು ದೂರ, ಕುಷ್ಟಗಿ ದಾಟಿ ಹೋಗಬೇಕು. ಅಷ್ಟು ದೂರದಿಂದ ಬಂದು ನಮ್ಮೂರ ಹೆಂಗಸರ ದುಡಿಮೆಯ ಬಗ್ಗೆ ಕೇಳುತ್ತಾನೆಂದರೆ ಏನೋ ಇದ್ದೇ ಇದೆ ಎಂದು ಅಮರಮ್ಮ ತೀರ್ಮಾನಿಸಿದಳು.

ಒಂದು ಸಂಜೆ ಹೇಮಾವತಿ ಕಾಲೇಜಿನಿಂದ ಕುಣಿಯುತ್ತ ಬಂದಳು. ವಾಕ್ಯ ಸಿಕ್ಕಿತ್ತು. ಸರ್ ಅದನ್ನು ಬೋರ್ಡಿನ ಮೇಲೆ ಬರೆದಾಗ ಅರ್ಧ ತರಗತಿ ಅಲ್ಲ ಎಂದು ಕೂಗಿತ್ತಂತೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿಗೆ ಅವಳು ಓದಿ ಹೇಳಿದಳು: "ಮರಳಿಯ ಹೆಂಗಸರು ನಾಟಿಗೆ ಹೋಗುವುದು ಕೂಲಿಗಾಗಿ ಅಲ್ಲ, ಮಾತಿಗಾಗಿ."

"ಸುಳ್ಳು," ಎಂದಳು ಅಮರಮ್ಮ, ರೊಟ್ಟಿಯಿಂದ ಕಣ್ಣು ಎತ್ತದೆ.

"ಯಾಕ ಸುಳ್ಳವಾ?"

"ಕೂಲಿ ಇಲ್ಲಂದ್ರ ಯಾವಾಕಿ ಕೆಸರಾಗ ಸೊಂಟ ಬಗ್ಗಸ್ತಾಳ?"

ಮಗಳೂ ಬಿಡಲಿಲ್ಲ. ಮಿಲ್ಲಿನ ಶೇಖರಮ್ಮ ಅಕ್ಕಿ ಹಸನು ಮಾಡಲು ಬಾ, ನೆರಳಿನ ಕೆಲಸ, ಕೂಲಿಯೂ ಹೆಚ್ಚು ಎಂದು ಪ್ರತಿ ವರ್ಷ ಕರೆಯುತ್ತಾಳೆ, ನೀನು ಯಾಕೆ ಹೋಗುವುದಿಲ್ಲ ಎಂದು ಕೇಳಿದಳು. ಅಲ್ಲಿ ಧೂಳು ಎಂದಳು ಅಮರಮ್ಮ. ಹೇಳಿದ ಮೇಲೆ ಅವಳಿಗೆ ತನ್ನ ಉತ್ತರದ ಮೇಲೆಯೇ ಗುಮಾನಿ ಬಂತು. ಕೆಸರಿಗೆ ಅಂಜದವಳು ಧೂಳಿಗೆ ಅಂಜಿದಳೇ? ಆದರೆ ಅದನ್ನು ಹೊರಗೆ ಬಿಟ್ಟುಕೊಡುವವಳಲ್ಲ. ಆ ವಾಕ್ಯ ಸುಳ್ಳು, ಹೊಡೆದುಹಾಕು ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಮಗಳು ಹೊಡೆದುಹಾಕಲಿಲ್ಲ. ವಾಕ್ಯ ಯಾರ ಬಗ್ಗೆ ಇದೆಯೋ ಅವರಿಗೇ ಓದಿ ಹೇಳಿ, ಏನನ್ನುತ್ತಾರೆ ಕೇಳಿಕೊಂಡು ಬಾ ಎಂದು ಸರ್ ಹೇಳಿದ್ದರು. ಭಾನುವಾರ ಅವಳು ತಾಯಿಯ ಜೊತೆ ಗದ್ದೆಗೆ ಬಂದಳು. ರಜೆಯಲ್ಲಿ ಅವಳು ಬಂದು ಕೈ ಹಚ್ಚುವುದು ಹೊಸತೇನಲ್ಲ, ಹೀಗಾಗಿ ಅಮರಮ್ಮನಿಗೂ ಅವಳ ಉದ್ದೇಶ ತಿಳಿಯಲಿಲ್ಲ. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿ ಎಲ್ಲರೂ ಕೂತಾಗ ಹುಡುಗಿ ಬ್ಲೌಸಿನೊಳಗಿಂದ ಹಾಳೆ ತೆಗೆದು ಓದಿಯೇಬಿಟ್ಟಳು.

ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಲಗಮ್ಮ ಎಂಬವಳು, ಅಮರಮ್ಮನ ಪಕ್ಕದ ಸಾಲಿನಲ್ಲಿ ಹದಿನೈದು ವರ್ಷದಿಂದ ಸಸಿ ಹಚ್ಚುತ್ತಿರುವವಳು, ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಹಿರಿಯಳಾದ ಹಂಪವ್ವ ಬಾಯಲ್ಲಿದ್ದ ತುತ್ತು ನುಂಗಿ, ಈ ಹಾಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಕಾಲೇಜಿಗೆ ಎಂದಳು ಹೇಮಾವತಿ. ಕಾಲೇಜು ಯಾರದು ಎಂದಳು ಹಂಪವ್ವ. ಸರಕಾರದ್ದು ಎಂದು ಹುಡುಗಿ ಹೇಳಿದ್ದೇ ತಡ, ನಗು ನಿಂತಿತು.

"ಅಂದ್ರ ನಾವು ಬಡತನಕ್ಕ ಬರಂಗಿಲ್ಲ, ಹರಟಿ ಹೊಡ್ಯಾಕ ಬರ್ತೀವಿ ಅಂತ ಸರಕಾರಕ್ಕ ಬರದು ಕೊಡ್ತೀ," ಎಂದಳು ಹಂಪವ್ವ. "ನಾಳೆ ನಮ್ಮ ಕಾರ್ಡ್ ಉಳೀತಾವೇನು?"

ಹೇಮಾವತಿ ಪ್ರಬಂಧ ಎಂದಳು, ಮಾರ್ಕು ಎಂದಳು, ಇದು ಬರೀ ವಾದ ಎಂದಳು. ಅವಳು ಹೇಳಿದಷ್ಟೂ ಹೆಂಗಸರ ಮುಖ ಗಂಟಾಗುತ್ತ ಹೋಯಿತು. ಇಷ್ಟು ಸಮಜಾಯಿಷಿ ಯಾಕೆ ಕೊಡುತ್ತಿದ್ದಾಳೆ ಎಂಬ ನೋಟ ಅದು. ಅಮರಮ್ಮನಿಗೆ ಆ ನೋಟದ ಪರಿಚಯ ಚೆನ್ನಾಗಿತ್ತು, ಯಾಕೆಂದರೆ ಅದು ಅವಳದೇ ನೋಟ. ಇಷ್ಟು ವರ್ಷ ಅವಳೇ ಅವರಿಗೆ ಕಲಿಸಿದ್ದು. ಮಧ್ಯಾಹ್ನದ ಮೇಲೆ ಯಾರೂ ಅಮರಮ್ಮನ ಜೊತೆ ಮಾತಾಡಲಿಲ್ಲ.

ಮರುದಿನ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತರೆ, ಆಟೋ ಓಣಿಯ ತುದಿಯಿಂದಲೇ ತಿರುಗಿ ಹೋಯಿತು. ಒಳಗೆ ಹೆಂಗಸರ ಸೆರಗುಗಳು ಕಂಡವು. ಮುಂದಿನ ಸೀಟಿನಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲಿ, ಹುಲಗಮ್ಮ ಕೂತಿದ್ದಳು. ಅಮರಮ್ಮನಿಗೆ ಮೊದಲು ಹೊಳೆದದ್ದು ಒಂದೇ: ಈ ಹುಲಗಮ್ಮನಿಗೆ ಮುಂದಾಳಾಗುವ ಆಸೆ ಇತ್ತು, ದಾರಿ ಕಾಯುತ್ತಿದ್ದಳು, ಹಂಪವ್ವನ ಕಿವಿ ಊದಿದವಳು ಅವಳೇ ಇರಬೇಕು. ಮನೆಯೊಳಗೆ ಬಂದು ಬುತ್ತಿ ಬಿಚ್ಚಿ ಒಬ್ಬಳೇ ಕೂತು ಉಂಡಳು.

ಛಲದ ಹೆಂಗಸು, ಸುಮ್ಮನಿರುವವಳಲ್ಲ. ಮರುದಿನವೇ ಮಿಲ್ಲಿಗೆ ಹೋದಳು. ಶೇಖರಮ್ಮ ಸಂತೋಷದಿಂದ ಕರೆದುಕೊಂಡಳು. ನೆರಳಿತ್ತು, ಫ್ಯಾನಿತ್ತು, ಕೂಲಿ ಹೆಚ್ಚೇ ಇತ್ತು. ಆದರೆ ಯಂತ್ರದ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹೆಂಗಸರೆಲ್ಲ ಧೂಳಿಗೆ ಮುಖ ಸುತ್ತಿಕೊಂಡಿದ್ದರು, ಊಟದ ಹೊತ್ತಿಗೆ ಮುಖದ ಬಟ್ಟೆ ಬಿಚ್ಚಿದವರು ಮೊಬೈಲು ನೋಡುತ್ತ ಉಂಡರು. ಸಂಜೆ ಮನೆಗೆ ಬಂದು ಅಮರಮ್ಮ ಮಾತಾಡಿದ್ದೇ ಮಾತಾಡಿದ್ದು. ಕಾಲುವೆ ನೀರು, ಹಂಪವ್ವನ ಸೊಸೆ, ಕೋಳಿ, ಯಾವಾಗಲೋ ಸತ್ತ ದೊಡ್ಡಬಸಪ್ಪನ ಎತ್ತು, ಒಂದನ್ನೂ ಬಿಡಲಿಲ್ಲ. ಯಮನೂರ ಹೆದರಿಕೊಂಡು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ. ಅವಳು ಕೈ ಕೊಡವಿದಳು. ಮರುದಿನ ಮಿಲ್ಲಿಗೆ ಹೋಗಲಿಲ್ಲ. ಧೂಳು ಎಂದಳು.

ಹೇಮಾವತಿ ಇದನ್ನೆಲ್ಲ ನೋಡುತ್ತಿದ್ದಳು. ತನ್ನ ಒಂದು ವಾಕ್ಯ ತಾಯಿಯನ್ನು ಗುಂಪಿನಿಂದ ಹೊರಗೆ ಹಾಕಿತ್ತು, ಅದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಸಮಸ್ಯೆಗಳು ಅನೇಕ ಎಂದೇ ಬರೆದುಕೊಡುತ್ತೇನೆ, ಯಾರಿಗೂ ತೊಂದರೆಯಾಗುವುದಿಲ್ಲ, ಬೇಕಾದರೆ ಹೆಂಗಸರ ಮುಂದೆಯೇ ಹಳೆಯದನ್ನು ಹರಿಯುತ್ತೇನೆ ಎಂದಳು. ತಾಯಿ ಒಪ್ಪುತ್ತಾಳೆಂದು ಅವಳು ಎಣಿಸಿದ್ದಳು. ಆದರೆ ಅಮರಮ್ಮನಿಗೆ ಸಿಟ್ಟು ಬಂತು. ಮಾಸ್ತರ ಹರಿದು ಹಾಕುವುದನ್ನೇ ಮತ್ತೆ ಬರೆದುಕೊಂಡು ಹೋಗುವುದಾದರೆ, ಬಸ್ ಹತ್ತಿ ಅಲ್ಲಿಗೆ ಹೋಗುವುದಾದರೂ ಯಾಕೆ? ಮೊದಲು ಆ ಮಾಸ್ತರನ ಮುಖ ನೋಡಬೇಕು ಎಂದು ಎದ್ದಳು. ಗುಂಪೂ ಬೇಕಿತ್ತು ಅವಳಿಗೆ, ಮಗಳು ತಲೆ ತಗ್ಗಿಸುವುದೂ ಬೇಡವಾಗಿತ್ತು. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಯಾವುದನ್ನು ಎಂದು ಅವಳಿಗೆ ತಿಳಿಯಲಿಲ್ಲ.

ಶರಣಬಸವ ಕಾಲೇಜಿನ ಪಡಸಾಲೆಯಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ತೆಳ್ಳಗಿನ ಮನುಷ್ಯ, ಸವೆದ ಚಪ್ಪಲಿ. ಅತಿಥಿ ಉಪನ್ಯಾಸಕ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಮಂದಿಯ ಕಾರ್ಡ್ ರದ್ದು ಮಾಡಿಸುವವನು ಹೀಗಿರುವುದಿಲ್ಲ ಎಂದು ಅಮರಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ, ಹೀಗೆ ಕಾಣುವವರನ್ನೇ ಕಳಿಸಿರುತ್ತಾರೆ ಎಂದೂ ಅನ್ನಿಸಿತು. ಹಾಳೆ ಎಲ್ಲಿಗೆ ಹೋಗುತ್ತದೆ ಎಂದು ನೇರವಾಗಿ ಕೇಳಿದಳು. ನಾನು ಓದುತ್ತೇನೆ ಅವ್ವಾರೆ, ಮಾರ್ಕು ಹಾಕುತ್ತೇನೆ, ಬೀರುವಿನಲ್ಲಿ ಇಡುತ್ತೇನೆ ಎಂದ ಅವನು.

"ಬೀರೂದ ಚಾವಿ ಯಾರ ಕಡೆ ಇರತೈತಿ?"

"ಆಫೀಸಿನವರ ಕಡೆ ಇರತೈತ್ರಿ."

"ಆಫೀಸು ಸರಕಾರದ್ದಲ್ಲೇನು?"

ಶರಣಬಸವನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಬೀರುವಿನ ಚಾವಿಯ ಬಗ್ಗೆ ಅವನು ಯಾವತ್ತೂ ಯೋಚಿಸಿರಲಿಲ್ಲ. ಅವನು ನಗಲಿಲ್ಲ, ಅದೊಂದು ಅಮರಮ್ಮನಿಗೆ ಹಿಡಿಸಿತು. ಹಾಳೆಯ ಮೇಲೆ ಊರಿನ ಹೆಸರಾಗಲಿ ಹೆಂಗಸರ ಹೆಸರಾಗಲಿ ಬೇಡ ಎಂದು ಹೇಮಾವತಿಗೆ ಹೇಳಿದ. ಆಮೇಲೆ, ವಾಕ್ಯದಲ್ಲಿ ಸುಳ್ಳು ಯಾವುದು ನೀವೇ ಹೇಳಿ ಎಂದು ಅಮರಮ್ಮನನ್ನು ಕೇಳಿದ. ಅವಳು ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು. ಕೂಲಿಗಾಗಿ ಅಲ್ಲ ಅನ್ನುವುದು ಸುಳ್ಳು, ಕೂಲಿ ಇಲ್ಲದೆ ಯಾರೂ ಬರುವುದಿಲ್ಲ. ಶರಣಬಸವ ಹೇಮಾವತಿಯ ಕಡೆ ತಿರುಗಿ, ತರಗತಿಯಲ್ಲಿ ಅರ್ಧ ಮಂದಿ ಅಲ್ಲ ಎಂದದ್ದು ಮಾತು ವಿಚಿತ್ರವಾಗಿ ಕೇಳಿಸಿದ್ದಕ್ಕೆ, ನಿಮ್ಮವ್ವ ಅಲ್ಲ ಅನ್ನುವುದಕ್ಕೆ ಕಾರಣ ಇದೆ, ಆ ಕಾರಣವನ್ನು ತಳ್ಳಿಹಾಕಬೇಡ, ವಾಕ್ಯದೊಳಗೇ ಕರೆದುಕೊ, ಆಮೇಲೂ ನಿನ್ನ ವಾಕ್ಯ ನಿಲ್ಲುತ್ತದೆಯೇ ನೋಡು ಎಂದ. ಶನಿವಾರದೊಳಗೆ ಪ್ರಬಂಧ ಕೊಡಬೇಕು ಎಂಬುದನ್ನೂ ನೆನಪಿಸಿದ.

ವಾಪಸು ಬರುವಾಗ ಹೇಮಾವತಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಳು. ಊರು ಬರುವ ಹೊತ್ತಿಗೆ ವಾಕ್ಯ ಬದಲಾಗಿತ್ತು. ತಾಯಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಹೆಂಗಸರನ್ನು ನಾಟಿಗೆ ಕರೆತರುವುದು ಕೂಲಿ, ಅದೇ ಗುಂಪಿನಲ್ಲಿ ವರ್ಷವರ್ಷ ಉಳಿಸುವುದು ಮಾತು." ಅಮರಮ್ಮ ಎರಡು ಸಲ ಹೇಳಿಸಿಕೊಂಡಳು. ಎಲ್ಲಿ ತಪ್ಪು ಹಿಡಿಯಬಹುದು ಎಂದು ತಡಕಿದಳು. ಸಿಗಲಿಲ್ಲ. ಸರಿ ಎಂದೂ ಅನ್ನಲಿಲ್ಲ.

ಮರುದಿನ ಆಟೋ ಬರುವ ಮೊದಲೇ ಅವಳು ನಡೆದುಕೊಂಡು ಗದ್ದೆ ಸೇರಿದಳು. ಹೆಂಗಸರು ಇಳಿದಾಗ ಬದುವಿನ ಮೇಲೆ ನಿಂತಿದ್ದಳು. ವಾಕ್ಯ ಬದಲಾಗಿದೆ, ಕೂಲಿ ಅದರಲ್ಲಿ ಮೊದಲೇ ಬರುತ್ತದೆ, ಊರಿನ ಹೆಸರು ತೆಗೆದಿದ್ದಾರೆ, ಮಾಸ್ತರ ಪಾಪದ ಮನುಷ್ಯ ಎಂದೆಲ್ಲ ಹೇಳಿದಳು. ಹಂಪವ್ವ ಅವಳ ಮುಖವನ್ನೇ ನೋಡುತ್ತಿದ್ದು ಕೊನೆಗೆ ಒಂದೇ ಮಾತು ಹೇಳಿದಳು.

"ಹಾಳಿ ಹಿಡಕೊಂಡು ಬಂದೋರನ್ನ ನಂಬಬ್ಯಾಡ್ರಿ ಅಂದಾಕಿ ನೀನಽ ಅಲ್ಲೇನು?"

ಜೀವಮಾನವೆಲ್ಲ ಇನ್ನೊಬ್ಬರ ಮಾತನ್ನು ನಂಬದೆ ಬದುಕಿದವಳು, ಈಗ ತನ್ನ ಮಾತನ್ನು ನಂಬಿ ಎಂದು ಕೇಳಿಕೊಳ್ಳುತ್ತ ನಿಂತಿದ್ದಳು. ನಾಚಿಕೆಯಾಯಿತು. ಆದರೂ ತಿರುಗಿ ಹೋಗಲು ಕಾಲು ಬರಲಿಲ್ಲ. ನನಗೆ ಪಾಲು ಬೇಡ, ನಿಮ್ಮ ಲೆಕ್ಕದಲ್ಲಿ ನನ್ನನ್ನು ಹಿಡಿಯಬೇಡಿ, ಬರೀ ಸಸಿ ಹಚ್ಚುತ್ತೇನೆ ಎಂದು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಪುಕ್ಕಟೆ ದುಡಿಯುತ್ತೇನೆ ಎನ್ನುವವಳ ಮೇಲೆ ಇನ್ನೂ ಹೆಚ್ಚು ಅನುಮಾನ ಬಂತು, ಅಷ್ಟೇ.

ಆವತ್ತು ಗದ್ದೆಯಲ್ಲಿ ಯಾರೂ ಮಾತಾಡಲಿಲ್ಲ. ಅಮರಮ್ಮ ಇದ್ದಾಳೆ, ಆಡಿದ್ದೆಲ್ಲ ಹಾಳೆಗೆ ಹೋಗುತ್ತದೆ ಎಂದು ಎಲ್ಲರ ಬಾಯಿಗೂ ಬೀಗ. ಸಸಿ ನೀರಿಗೆ ಇಳಿಯುವ ಸದ್ದೊಂದೇ ಕೇಳುತ್ತಿತ್ತು. ಮಾತಿಲ್ಲದೆ ಕೆಲಸ ಸಾಗುವುದಿಲ್ಲ ಎಂಬುದು ಎಲ್ಲರಿಗೂ ಆವತ್ತೇ ಗೊತ್ತಾದದ್ದು. ಸೊಂಟ ಬೇಗ ನೋಯುತ್ತಿತ್ತು, ಬಿಸಿಲು ಹೆಚ್ಚಾದಂತೆ ಕಾಣುತ್ತಿತ್ತು, ಹಂಪವ್ವ ಎರಡೆರಡು ಸಲ ನೆಟ್ಟಗೆ ನಿಂತು ಆಕಾಶ ನೋಡಿದಳು. ಊಟ ಕೂಡ ಹಾಗೇ ಮುಗಿಯಿತು. ಹೊತ್ತು ಇಳಿಯುವಾಗ ಹುಲಗಮ್ಮನಿಗೆ ತಡೆಯಲಾಗಲಿಲ್ಲ. ಬೈಯಲು ಸುರು ಮಾಡಿದಳು. ಅಮರಮ್ಮನ ಗುಣ, ಅವಳ ನೋಟ, ಮಗಳಿಗೆ ಕಲಿಸಿದ ಬುದ್ಧಿ, ಪಾಲು ಬೇಡ ಎನ್ನುವ ಸೊಕ್ಕು, ಒಂದೊಂದನ್ನೇ ಎತ್ತಿ ಎತ್ತಿ ಬೈದಳು. ಉಳಿದವರು ನಡುನಡುವೆ ತಮ್ಮದನ್ನೂ ಸೇರಿಸಿದರು. ಅಮರಮ್ಮ ತಿರುಗಿ ಬೈದಳು. ನಾಚಿಕೆಯನ್ನೂ ಬಿಟ್ಟು ಹೇಳಬೇಕೆಂದರೆ, ಅವಳಿಗೆ ಆಗ ಹಿತವೆನ್ನಿಸಿತು. ಬೈಗುಳವಾದರೂ ಆಗಲಿ, ಅದು ಅವಳ ಹೆಸರು ಹಿಡಿದು ಬರುತ್ತಿತ್ತು. ಕತ್ತಲಾಗುವ ಮೊದಲು ಗದ್ದೆ ಮುಗಿಯಿತು, ಅಮರಮ್ಮ ಆಟೋ ಹತ್ತಿ ಕೂತರೆ ಇಳಿ ಎಂದು ಯಾರೂ ಹೇಳಲಿಲ್ಲ.

ಆಟೋದ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಜಾಗದಲ್ಲಿ ಅಮರಮ್ಮ ಮತ್ತು ಆವತ್ತು ಮುಂದಿನ ಸೀಟು ಬಿಟ್ಟು ಬಂದ ಹುಲಗಮ್ಮ ಇಬ್ಬರೇ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಹುಲಗಮ್ಮ, ಆ ಹೊಸ ವಾಕ್ಯ ಏನೆಂದು ಇನ್ನೊಮ್ಮೆ ಹೇಳು ಎಂದಳು. ಅಮರಮ್ಮ ಹೇಳಿದಳು. ಹುಲಗಮ್ಮ ರಸ್ತೆಯನ್ನು ನೋಡುತ್ತ ಕೂತಳು. ಇವಳು ಏನು ಹುನ್ನಾರ ಹೂಡುತ್ತಿದ್ದಾಳೆ ಎಂದು ಅಮರಮ್ಮನ ಮನಸ್ಸು ಆಗಲೂ ಲೆಕ್ಕ ಹಾಕುತ್ತಿತ್ತು, ಹಾಳಾದ ಗುಣ.

"ನನ್ನ ಗಂಡ ನನ್ನ ಜೋಡಿ ಮಾತು ಬಿಟ್ಟು ಏಳು ವರ್ಷ ಆತು," ಎಂದಳು ಹುಲಗಮ್ಮ. "ಊಟಕ್ಕ ಕುಂದ್ರತಾನ, ಏಳತಾನ. ಮಗ ಸಣ್ಣಪ್ಪ ಇದ್ದಾಗ ಅಂವಗ, ನೀರು ಕೊಡಾಕ ನಿಮ್ಮವ್ವಗ ಹೇಳು ಅಂತಿದ್ದ. ಮಗ ಪುಣೆಕ್ಕ ದುಡ್ಯಾಕ ಹೋದಮ್ಯಾಲ ಅದೂ ಇಲ್ಲ. ನಾಟಿ ಇಲ್ಲದ ದಿನ ನನ್ನ ಬಾಯಾಗ ಒಂದು ಮಾತೂ ಬರಂಗಿಲ್ಲ."

ಅಮರಮ್ಮ ಅವಳ ಕಡೆ ತಿರುಗಿದಳು. ಹದಿನೈದು ವರ್ಷ ಪಕ್ಕದ ಸಾಲು. ಈ ಹೆಂಗಸು ಎಲ್ಲರಿಗಿಂತ ಹೆಚ್ಚು ಮಾತಾಡುವುದನ್ನು, ಎಲ್ಲರಿಗಿಂತ ಜೋರಾಗಿ ನಗುವುದನ್ನು ಅವಳು ಪ್ರತಿದಿನ ಕಂಡಿದ್ದಳು, ಅದರ ಹಿಂದೆ ಏನೋ ಲಾಭ ಇರಬೇಕೆಂದು ಪ್ರತಿದಿನ ಶಂಕಿಸಿದ್ದಳು. ಊರಿನವರನ್ನೆಲ್ಲ ಯಾಕೆ ಯಾಕೆ ಎಂದು ಕೇಳಿದವಳು ಇವಳನ್ನು ಒಮ್ಮೆಯೂ ಕೇಳಿರಲಿಲ್ಲ. ಅದು ಅವಳಿಗೆ ಬಹಳ ಚುಚ್ಚಿತು.

"ಇದನ್ನ ನಿನ್ನ ಮಗಳು ಬರಿಬಾರದು," ಎಂದಳು ಹುಲಗಮ್ಮ.

"ಬರಿಯಂಗಿಲ್ಲ," ಎಂದಳು ಅಮರಮ್ಮ.

ಹುಲಗಮ್ಮ ಆಣೆ ಹಾಕಿಸಲಿಲ್ಲ. ಇನ್ನೊಮ್ಮೆ ಕೇಳಲಿಲ್ಲ. ಬೇರೆ ಯಾವುದೋ ಮಾತು ತೆಗೆದಳು, ಊರು ಬರುವವರೆಗೂ ಇಬ್ಬರೂ ಆ ಮಾತನ್ನೇ ಆಡಿದರು.

ಮನೆಯಲ್ಲಿ ಹೇಮಾವತಿ ಪ್ರಬಂಧದ ಹಾಳೆ ಹರಡಿಕೊಂಡು ಕಾಯುತ್ತಿದ್ದಳು. ವಾಕ್ಯ ನಿಂತಿದೆ, ಆದರೆ ಅದನ್ನು ಹೊತ್ತು ನಿಲ್ಲಿಸಲು ಒಬ್ಬರದಾದರೂ ಗಟ್ಟಿ ಉದಾಹರಣೆ ಬೇಕು, ಇವತ್ತು ಗದ್ದೆಯಲ್ಲಿ ಯಾರಾದರೂ ಏನಾದರೂ ಹೇಳಿದರಾ ಎಂದು ಆಸೆಯಿಂದ ಕೇಳಿದಳು. ಅಮರಮ್ಮ ಕೈಕಾಲಿನ ಕೆಸರು ತೊಳೆಯುತ್ತ, ಬೈದರು, ಅಷ್ಟೇ ಎಂದಳು. ಮಗಳು ಮತ್ತೆ ಮತ್ತೆ ಕೇಳಿದಳು, ತಾಯಿಯ ಮುಖವನ್ನು ಗುಮಾನಿಯಿಂದ ನೋಡಿದಳು. ಅಮರಮ್ಮ ಮುಖ ತಿರುಗಿಸದೆ ಆ ನೋಟವನ್ನು ತಡೆದುಕೊಂಡಳು. ಕೊನೆಗೆ ಹುಡುಗಿ ತಾಯಿಯ ಮಿಲ್ಲಿನ ಒಂದು ದಿನವನ್ನೇ ಉದಾಹರಣೆ ಮಾಡಿ ಬರೆದುಕೊಟ್ಟಳು.

ಪ್ರಬಂಧ ತಿರುಗಿ ಬಂದಾಗ ನಾಟಿಯ ಹಂಗಾಮು ಮುಗಿಯುತ್ತ ಬಂದಿತ್ತು. ಆಟೋ ಮೊದಲಿನಂತೆ ಬಾಗಿಲಲ್ಲಿ ನಿಲ್ಲುತ್ತಿತ್ತು. ಮುಂದಿನ ಸೀಟಿನಲ್ಲಿ ಹುಲಗಮ್ಮನೇ ಕೂರುತ್ತಿದ್ದಳು, ಅದನ್ನು ಅಮರಮ್ಮ ವಾಪಸು ಕೇಳಲಿಲ್ಲ. ಹೇಮಾವತಿ ಕೊನೆಯ ಪುಟದಲ್ಲಿ ಸರ್ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಸಪ್ಪೆ ಮುಖ ಮಾಡಿಕೊಂಡು ತಾಯಿಗೆ ಓದಿ ಹೇಳಿದಳು: "ವಾಕ್ಯ ಬಲವಾಗಿದೆ. ಅದನ್ನು ಪೂರ್ತಿ ನಂಬುವಂತೆ ಮಾಡಲು ಇನ್ನೊಬ್ಬಳ ಬದುಕು ಬೇಕಿತ್ತು."

ಅಮರಮ್ಮ ರೊಟ್ಟಿ ತಿರುವಿ ಹಾಕಿದಳು. ಮಾಸ್ತರ ಹೇಳುವುದು ಖರೆ ಎಂದಳು, ಇನ್ನೊಂದು ರೊಟ್ಟಿ ಬಡಿಯತೊಡಗಿದಳು.